ಅಂತರಿಕ್ಷಯಾನದ ವ್ಯಾಪಾರ ಮತ್ತು ಪರೀಕ್ಷಾ ಹಾರಾಟ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡದೆ ಹಣ ಕೊಡುವುದಿಲ್ಲ. ದನಿ ಗಣಗಣನೆ ಬಂದರೆ ಮಡಕೆ ಗಟ್ಟಿ. ಬೊದ್ದೆಂದರೆ ಎಲ್ಲಿಯೋ ಬಿರುಕುಂಟು. ಹೊಸ ಸೇತುವೆಯನ್ನು ಜನರ ಓಡಾಟಕ್ಕೆ ಬಿಡುವ ಮೊದಲು ಅದರ ಮೇಲೆ ಭಾರ ಹೇರಿ, ಎಷ್ಟು ಬಾಗುತ್ತದೆಂದು ಅಳೆಯುವುದುಂಟು. ಮಡಕೆ ಒಡೆದರೆ ಕುಂಬಾರನಿಗೆ ಅಲ್ಪ ನಷ್ಟ. ಸೇತುವೆ ಬಾಗಿದರೆ ಎಂಜಿನಿಯರು ಮತ್ತೆ ಲೆಕ್ಕ ಹಾಕಬೇಕು. ಹಾರುವ ಯಂತ್ರದ ಸಂಗತಿ ಹಾಗಲ್ಲ. ಅದನ್ನು ನೆಲದ ಮೇಲೆ ಎಷ್ಟೇ ತಟ್ಟಿ ನೋಡಿದರೂ ಕೊನೆಗೊಂದು ದಿನ ಹಾರಿಸಿಯೇ ನೋಡಬೇಕು. ಎಷ್ಟೋ ವೇಳೆ ಮನುಷ್ಯನನ್ನು ಅದರೊಳಗೆ ಕೂರಿಸಿಯೇ ಹಾರಿಸಬೇಕು. ಇದಕ್ಕೆ ಪರೀಕ್ಷಾ ಹಾರಾಟವೆಂದು ಹೆಸರು.

‘ಪರೀಕ್ಷೆ’ ಎಂಬ ಮಾತನ್ನು ಬಿಡಿಸಿ ನೋಡಿದರೆ ಅದರಲ್ಲಿ ‘ಪರಿ’ ಎಂಬ ಉಪಸರ್ಗವೂ ‘ಈಕ್ಷ್’ ಎಂಬ ಧಾತುವೂ ಇವೆ. ಈಕ್ಷಿಸುವುದೆಂದರೆ ನೋಡುವುದು, ‘ಪರಿ’ ಎಂದರೆ ಸುತ್ತಲೂ. ಒಂದು ವಸ್ತುವನ್ನು ಎಲ್ಲ ಕಡೆಯಿಂದಲೂ ನೋಡುವುದೇ ಪರೀಕ್ಷೆ. ಒಂದು ಕಡೆಯನ್ನು ನೋಡದೆ ಬಿಟ್ಟರೆ ಅದು ಪರೀಕ್ಷೆಯಾಗದು, ಬರಿಯ ಈಕ್ಷಣೆಯಾದೀತು. ಹೀಗೆ ಒಂದು ಕಡೆಯನ್ನು ನೋಡದೆ ಬಿಟ್ಟುದರ ಫಲವೇನಾಯಿತೆಂಬುದನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇನೆ.

ಬಾನುಲಿಯ ವಾರ್ತೆಗಳನ್ನು ತಪ್ಪದೆ ಕೇಳುವ ನಿಮಗೆ ಖಾಸಗಿ ಸಂಸ್ಥೆಗಳ ಅಂತರಿಕ್ಷಯಾನದ ಸುದ್ದಿ ಹೊಸದಲ್ಲ. ಮೊದಲು ಅಂತರಿಕ್ಷವೆಂಬುದು ಸರ್ಕಾರಗಳ ಸೊತ್ತಾಗಿತ್ತು. ೧೯೬೧ರಲ್ಲಿ ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದಂದಿನಿಂದ ನಾಲ್ಕು ದಶಕಗಳ ಕಾಲ ಮನುಷ್ಯರನ್ನು ಅಲ್ಲಿಗೆ ಕಳುಹಿಸಿದ ನೌಕೆಗಳೆಲ್ಲ ಸರ್ಕಾರದವೇ. ೨೦೦೪ರಲ್ಲಿ ಈ ಕಟ್ಟು ಸಡಿಲಿತು. ಅಮೆರಿಕದಲ್ಲಿ ಅನ್ಸಾರಿ ಎಕ್ಸ್ ಪ್ರೈಜ್ ಎಂಬ ಒಂದು ಕೋಟಿ ಡಾಲರಿನ ಬಹುಮಾನವನ್ನು ಇಟ್ಟಿದ್ದರು. ಸರ್ಕಾರದ ಹಣವಿಲ್ಲದೆ ಕಟ್ಟಿದ ನೌಕೆಯೊಂದು ಎರಡು ವಾರಗಳೊಳಗೆ ಎರಡು ಬಾರಿ ೧೦೦ ಕಿಲೋಮೀಟರು ಎತ್ತರವನ್ನು ಮುಟ್ಟಿ ಬರಬೇಕೆಂಬುದು ಅದರ ಪಣ. ಬರ್ಟ್ ರೂಟಾನ್ ಎಂಬ ವಿಮಾನಶಿಲ್ಪಿಯ ಸ್ಕೇಲ್ಡ್ ಕಾಂಪೊಸಿಟ್ಸ್ ಸಂಸ್ಥೆ ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯಲ್ಲಿ ಕಟ್ಟಿದ ‘ಸ್ಪೇಸ್‌ಷಿಪ್ ಒನ್’ ಆ ವರ್ಷದ ಅಕ್ಟೋಬರ್ ೪ರಂದು ಪಣವನ್ನು ಗೆದ್ದಿತು.

ಅದೇ ಹೊತ್ತಿಗೆ ವ್ಯಾಪಾರವೂ ಮೊದಲಾಯಿತು. ಬ್ರಿಟನ್ನಿನ ಉದ್ಯಮಿ ರಿಚರ್ಡ್ ಬ್ರಾನ್ಸನ್ ‘ವರ್ಜಿನ್ ಗ್ಯಾಲಕ್ಟಿಕ್’ ಎಂಬ ಸಂಸ್ಥೆಯನ್ನು ತೆರೆದು, ಇನ್ನು ಮೂರು ವರ್ಷಗಳಲ್ಲಿ ಟಿಕೀಟು ಕೊಂಡವರನ್ನೆಲ್ಲ ಅಂತರಿಕ್ಷದ ಅಂಚಿಗೆ ಕರೆದೊಯ್ಯುವುದಾಗಿ ಸಾರಿದರು. ಇದಕ್ಕಾಗಿ ಸ್ಕೇಲ್ಡ್ ಸಂಸ್ಥೆ ಮೊದಲ ನೌಕೆಗಿಂತ ದೊಡ್ಡದಾದ, ಇಬ್ಬರು ಚಾಲಕರೂ ಆರು ಮಂದಿ ಪ್ರಯಾಣಿಕರೂ ಕೂರಬಲ್ಲ ‘ಸ್ಪೇಸ್‌ಷಿಪ್ ಟೂ’ ಎಂಬ ನೌಕೆಯನ್ನು ಕಟ್ಟತೊಡಗಿತು. ಮುಂದಿನ ವರ್ಷಗಳಲ್ಲಿ ಸುಮಾರು ೭೦೦ ಮಂದಿ ಮುಂಗಡ ಹಣ ಕಟ್ಟಿದರು. ಒಂದು ಟಿಕೀಟಿನ ಬೆಲೆ ಮೊದಲು ಎರಡು ಲಕ್ಷ, ಆಮೇಲೆ ಎರಡೂವರೆ ಲಕ್ಷ ಡಾಲರು. ನೌಕೆಯ ಪರೀಕ್ಷೆ ಮುಗಿಯುವ ಮೊದಲೇ ಆಸನಗಳು ಮಾರಾಟವಾಗಿದ್ದುವೆಂಬುದನ್ನು ಇಲ್ಲಿ ಗಮನಿಸಬೇಕು. ಮದುವೆಯ ಊಟಕ್ಕೆ ಎಲೆ ಹಾಕಿ ಜನ ಕೂತ ಮೇಲೆ ಅಡಿಗೆಯವನು ಹೊಸ ಒಲೆಯನ್ನು ಪರೀಕ್ಷಿಸುವಂತಹ ಪರಿಸ್ಥಿತಿ ಇದು.

ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಭಾಗಭಾಗಗಳನ್ನು ನೆಲದ ಮೇಲೆ ಪರೀಕ್ಷಿಸುವುದು. ಆಮೇಲೆ ಎಂಜಿನನ್ನು ಹೊತ್ತಿಸದೆ ನೌಕೆಯನ್ನು ಎತ್ತರದಿಂದ ಬಿಟ್ಟು ಹದ್ದಿನಂತೆ ತೇಲಿ ಇಳಿಯಿಸುವುದು. ಆಮೇಲೆ ಎಂಜಿನನ್ನು ಕೆಲವು ಸೆಕೆಂಡುಗಳ ಕಾಲ ಉರಿಸುವುದು. ಹಾರಾಟದಿಂದ ಹಾರಾಟಕ್ಕೆ ವೇಗವನ್ನೂ ಎತ್ತರವನ್ನೂ ಒಂದೊಂದು ಮೆಟ್ಟಿಲು ಏರಿಸುತ್ತ ಹೋಗುವುದು. ಈಜು ಕಲಿಯುವವರು ಮೊದಲು ಬಾವಿಯ ಮೆಟ್ಟಿಲು ಹಿಡಿದು ಕಾಲು ಬಡಿದು, ಆಮೇಲೆ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು, ಕೊನೆಗೆ ಅದನ್ನೂ ಬಿಚ್ಚಿ ನೀರಿಗೆ ಬೀಳುವಂತೆ. ಆದರೆ ಒಂದೊಂದು ಮೆಟ್ಟಿಲಿನಲ್ಲಿಯೂ, ಹಿಂದೆ ಯಾರೂ ನೋಡದ ಒಂದು ಸಂಗತಿ ಕಾದು ಕುಳಿತಿರಬಹುದು.

ಮೊದಲ ಏಟು ನೆಲದ ಮೇಲೆಯೇ ಬಿದ್ದಿತು. ಈ ನೌಕೆಯ ಎಂಜಿನಿನಲ್ಲಿ ಉರಿಯುವ ವಸ್ತು ರಬ್ಬರಿನಂತಹ ಘನಪದಾರ್ಥ. ಅದನ್ನು ಉರಿಸಲು ಬೇಕಾದ ಆಮ್ಲಜನಕವನ್ನು ಒದಗಿಸುವುದು ನೈಟ್ರಸ್ ಆಕ್ಸೈಡ್. ದಂತವೈದ್ಯರು ನೋವು ತಿಳಿಯದಿರಲೆಂದು ಕೊಡುವ ‘ನಗೆಯ ಅನಿಲ’ವೇ ಅದು. ೨೦೦೭ರ ಜುಲೈ ೨೬ರಂದು ಮೊಹಾವಿಯಲ್ಲಿ ಈ ಅನಿಲವನ್ನು ಕೊಳವೆಗಳಲ್ಲಿ ಹರಿಸಿ ನೋಡುವ ಪರೀಕ್ಷೆ ನಡೆಯಿತು. ಬೆಂಕಿಯಿಲ್ಲ, ಉರುವಲಿಲ್ಲ, ಹರಿವನ್ನು ನೋಡುವುದಷ್ಟೇ ಉದ್ದೇಶ. ತೊಟ್ಟಿ ಸಿಡಿಯಿತು. ಸಮೀಪದಲ್ಲಿ ನಿಂತು ನೋಡುತ್ತಿದ್ದ ಕೆಲಸಗಾರರಲ್ಲಿ ಮೂವರು ಸತ್ತರು, ಮೂವರಿಗೆ ತೀವ್ರ ಗಾಯಗಳಾದುವು. ಅಪಾಯವಿಲ್ಲವೆಂದು ಬಗೆದ ಕಡೆಯಲ್ಲಿಯೇ ಅಪಾಯವಿದ್ದಿತು.

ಕೆಲಸ ನಿಲ್ಲಲಿಲ್ಲ. ‘ಎಂಟರ್‌ಪ್ರೈಸ್’ ಎಂಬ ಹೆಸರಿನ ಮೊದಲ ನೌಕೆ ೨೦೧೦ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ತನ್ನಷ್ಟಕ್ಕೆ ತೇಲಿ ಇಳಿಯಿತು. ೨೦೧೩ರ ಏಪ್ರಿಲ್ ೨೯ರಂದು ಮೊದಲ ಬಾರಿಗೆ ಎಂಜಿನು ಹೊತ್ತಿಸಿ ಹಾರಿತು. ಮುಂದೆ ನಡೆದುದು ತಿಳಿಯಬೇಕಾದರೆ ಈ ನೌಕೆಯ ರಚನೆಯನ್ನು ಸ್ವಲ್ಪ ಅರಿತುಕೊಳ್ಳಬೇಕು.

ಇದು ನೆಲದಿಂದ ನೆಟ್ಟಗೆ ಏರುವ ರಾಕೆಟ್ಟಲ್ಲ. ಎರಡು ಒಡಲುಗಳುಳ್ಳ ದೊಡ್ಡ ವಿಮಾನವೊಂದು ಇದನ್ನು ತನ್ನ ನಡುವೆ ತೂಗಿಸಿಕೊಂಡು ಸುಮಾರು ೧೪ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಡುತ್ತದೆ. ಬಿಟ್ಟೊಡನೆ ನೌಕೆಯ ಎಂಜಿನು ಹೊತ್ತಿಕೊಂಡು, ನೌಕೆ ಮೂತಿ ಎತ್ತಿ ಶಬ್ದದ ವೇಗವನ್ನು ದಾಟಿ ಮೇಲಕ್ಕೇರುತ್ತದೆ. ಅಲ್ಲಿ ಕೆಲವು ನಿಮಿಷ ತೂಕವೇ ಇಲ್ಲದಂತಿದ್ದು ಮತ್ತೆ ಕೆಳಗೆ ಬೀಳುತ್ತದೆ. ಬೀಳುವಾಗ ವೇಗವನ್ನು ತಗ್ಗಿಸಬೇಕು, ಮೈ ಹೊರಳದಂತೆಯೂ ನೋಡಿಕೊಳ್ಳಬೇಕು. ಇದಕ್ಕೆ ರೂಟಾನರು ಕಂಡುಕೊಂಡ ಉಪಾಯ ಸೊಗಸಾದುದು. ಷಟಲ್ ಬ್ಯಾಡ್ಮಿಂಟನ್ ಆಟದ ಗರಿಯ ಚೆಂಡನ್ನು ನೋಡಿದ್ದೀರಷ್ಟೆ. ಅದನ್ನು ಹೇಗೆ ಎಸೆದರೂ ಗರಿ ಮೇಲಾಗಿ, ಬೆಂಡು ಕೆಳಗಾಗಿ, ಮೆಲ್ಲಗೆ ಇಳಿಯುತ್ತದೆ. ಹಾಗೆಯೇ ಈ ನೌಕೆಯ ಬಾಲದ ಎರಡು ತೊಲೆಗಳನ್ನು ಕೀಲಿನ ಮೇಲೆ ಮೇಲ್ಮುಖವಾಗಿ ಮಡಿಸಬಹುದು. ಬಾಲ ಎದ್ದು ನಿಂತರೆ ನೌಕೆ ಗರಿಚೆಂಡಿನಂತೆ ತಾನಾಗಿ ಸಮತೂಕದಿಂದ ಇಳಿಯುತ್ತದೆ. ಗಾಳಿ ದಟ್ಟವಾದ ಕಡೆಗೆ ಬಂದ ಮೇಲೆ ಬಾಲವನ್ನು ಮತ್ತೆ ಚಾಚಿ ಸಾಮಾನ್ಯ ವಿಮಾನದಂತೆ ನೆಲಕ್ಕಿಳಿಸುತ್ತಾರೆ.

ಬಾಲ ಬೇಡದ ವೇಳೆಯಲ್ಲಿ ಎದ್ದುಬಿಟ್ಟರೆ ಅನಾಹುತ. ಆದುದರಿಂದ ಅದಕ್ಕೊಂದು ಅಗಣಿಯಿದೆ. ಬಾಲವನ್ನು ಎತ್ತಲು ಎರಡು ಕೆಲಸಗಳಾಗಬೇಕು: ಮೊದಲು ಒಂದು ಹಿಡಿಯಿಂದ ಅಗಣಿ ತೆಗೆಯುವುದು, ಆಮೇಲೆ ಇನ್ನೊಂದು ಹಿಡಿಯಿಂದ ಬಾಲವನ್ನೆತ್ತುವುದು. ನೌಕೆ ಶಬ್ದದ ವೇಗವನ್ನು ಸಮೀಪಿಸಿ ದಾಟುವಷ್ಟರಲ್ಲಿ ಗಾಳಿಯ ಒತ್ತಡ ಬಾಲವನ್ನು ಮೇಲಕ್ಕೆ ನೂಕುತ್ತದೆ. ಆ ಒತ್ತಡವನ್ನು ತಡೆಯುವುದು ಅಗಣಿಯೊಂದೇ. ದಾಟಿ ಮುಂದೆ ಹೋದ ಮೇಲೆ ಅದೇ ಗಾಳಿ ಬಾಲವನ್ನು ಕೆಳಕ್ಕೊತ್ತಿ ಹಿಡಿಯುತ್ತದೆ. ಆಗ ಅಗಣಿ ತೆಗೆದರೂ ಭಯವಿಲ್ಲ. ಬಿರುಗಾಳಿ ಬೀಸುವಾಗ ಬೀದಿಬಾಗಿಲ ಅಗಣಿ ತೆಗೆದು ನೋಡಿ: ನೀವು ಬಾಗಿಲನ್ನು ಎಳೆಯಬೇಕಾದುದೇ ಇಲ್ಲ, ಅದು ತಾನಾಗಿಯೇ ಗೋಡೆಗೆ ಬಡಿಯುತ್ತದೆ. ಅದೇ ಗಾಳಿ ಹೊರಗಿನಿಂದ ಒಳಕ್ಕೆ ಬೀಸದೆ ಒಳಗಿನಿಂದ ಹೊರಕ್ಕೆ ಬೀಸಿದರೆ ಬಾಗಿಲು ಅಗಣಿಯಿಲ್ಲದೆಯೂ ಚೌಕಟ್ಟಿಗೆ ಅಂಟಿಕೊಂಡಿರುತ್ತದೆ.

ಹಾಗಾದರೆ ಏರುವಾಗಲೇ ಅಗಣಿ ತೆಗೆಯುವುದೇಕೆ, ಮೇಲೆ ಮುಟ್ಟಿದ ಮೇಲೆ ತೆಗೆದರಾಗದೆ ಎಂದು ನೀವು ಕೇಳಬಹುದು. ಇದಕ್ಕೂ ಕಾರಣವಿತ್ತು. ಮೇಲಕ್ಕೆ ಹೋದ ಮೇಲೆ ಅಗಣಿ ಸಿಕ್ಕಿಹಾಕಿಕೊಂಡರೆ ಬಾಲವನ್ನೆತ್ತಲಾಗದೆ ನೌಕೆ ನಾಶವಾದೀತು. ಆದುದರಿಂದ, ಹಿಂತಿರುಗಲು ಅವಕಾಶವಿರುವಾಗಲೇ ಅಗಣಿ ತೆಗೆದು ನೋಡಿಬಿಡಬೇಕೆಂದು ನಿಯಮ ಮಾಡಿದ್ದರು. ಶಬ್ದವೇಗದ ೧.೪ ಮಡಿ ವೇಗವನ್ನು ಮುಟ್ಟಿದ ಮೇಲೆ ಅಗಣಿ ತೆಗೆಯಬೇಕು, ೧.೮ ಮಡಿಯಷ್ಟಾಗುವುದರೊಳಗೆ ತೆಗೆಯಲಾಗದಿದ್ದರೆ ಹಾರಾಟವನ್ನೇ ಕೈಬಿಡಬೇಕು. ನೌಕೆ ಕೋವಿಯ ಗುಂಡಿನಂತೆ ವೇಗವನ್ನು ಹೆಚ್ಚಿಸಿಕೊಳ್ಳುತ್ತಿರುವಾಗ ಈ ಎರಡು ಗೆರೆಗಳ ನಡುವೆ ದೊರೆಯುವ ಕಾಲ ಕೆಲವೇ ಸೆಕೆಂಡುಗಳು. ಒಂದು ಅಪಾಯವನ್ನು ತಡೆಯಲು ಮಾಡಿದ ನಿಯಮ ಇನ್ನೊಂದು ಅಪಾಯದ ಬಾಗಿಲಲ್ಲಿ ಚಾಲಕನನ್ನು ನಿಲ್ಲಿಸಿತ್ತು.

೨೦೧೪ರ ಅಕ್ಟೋಬರ್ ೩೧. ಎಂಜಿನು ಹೊತ್ತಿಸಿ ಹಾರುವ ನಾಲ್ಕನೆಯ ಪರೀಕ್ಷೆ. ಚಾಲಕ ಪೀಟರ್ ಸೀಬೋಲ್ಡ್, ಸಹಚಾಲಕ ಮೈಕೇಲ್ ಆಲ್ಸ್‌ಬರಿ; ಇಬ್ಬರೂ ಸ್ಕೇಲ್ಡ್ ಸಂಸ್ಥೆಯ ನುರಿತ ಪರೀಕ್ಷಾ ವೈಮಾನಿಕರು. ಬೆಳಿಗ್ಗೆ ೧೦ ಗಂಟೆ ೭ ನಿಮಿಷಕ್ಕೆ ತಾಯಿವಿಮಾನ ನೌಕೆಯನ್ನು ಬಿಟ್ಟಿತು. ಎಂಜಿನು ಸರಿಯಾಗಿ ಹೊತ್ತಿಕೊಂಡಿತು. ನೌಕೆ ನಡುಗುತ್ತ, ಇಬ್ಬರನ್ನೂ ಆಸನಕ್ಕೆ ಒತ್ತುತ್ತ ಏರತೊಡಗಿತು. ವೇಗ ಶಬ್ದವೇಗದ ೦.೮ರಷ್ಟಾಯಿತೆಂದು ಸಹಚಾಲಕರು ನಿಯಮದಂತೆ ಕೂಗಿ ಹೇಳಿದರು. ಅದರ ಬೆನ್ನಿಗೇ ಅವರ ಕೈ ಅಗಣಿಯ ಹಿಡಿಯನ್ನು ಎಳೆಯಿತು. ೧.೪ ಆದ ಮೇಲೆ ಆಗಬೇಕಾದ ಕೆಲಸ ೦.೮ರ ಆಸುಪಾಸಿನಲ್ಲಿ ಆಗಿಹೋಯಿತು. ಬಾಲವನ್ನೆತ್ತುವ ಎರಡನೆಯ ಹಿಡಿಯನ್ನು ಯಾರೂ ಮುಟ್ಟಲಿಲ್ಲ. ಗಾಳಿಯೇ ಅದನ್ನು ಎತ್ತಿತು. ತಾಯಿವಿಮಾನದಿಂದ ಬಿಟ್ಟ ೧೩ ಸೆಕೆಂಡುಗಳಿಗೆಲ್ಲ ನೌಕೆ ಆಕಾಶದಲ್ಲಿಯೇ ಚೂರುಚೂರಾಯಿತು.

ಆಲ್ಸ್‌ಬರಿ ತೀರಿಕೊಂಡರು. ಅವರಿಗಾಗ ೩೯ ವರ್ಷ. ಸೀಬೋಲ್ಡ್ ಆಸನಸಹಿತ ಹೊರಕ್ಕೆ ಎಸೆಯಲ್ಪಟ್ಟು, ಉಸಿರಾಟಕ್ಕೆ ಸಾಕಷ್ಟು ಗಾಳಿಯೇ ಇಲ್ಲದ ಎತ್ತರದಿಂದ ಬೀಳತೊಡಗಿದರು. ಬೀಳುತ್ತಲೇ ಎಚ್ಚರಗೊಂಡು ಆಸನದ ಪಟ್ಟಿಯನ್ನು ಬಿಚ್ಚಿಕೊಂಡರು. ಪ್ಯಾರಾಷೂಟು ತಾನಾಗಿ ಬಿಚ್ಚಿಕೊಂಡು ಅವರನ್ನು ತೀವ್ರ ಗಾಯಗಳೊಡನೆ ನೆಲಕ್ಕೆ ಮುಟ್ಟಿಸಿತು. ಅಗಣಿ ತೆಗೆದ ಸಂಗತಿ ತಮಗೆ ಆಗ ತಿಳಿದಿರಲಿಲ್ಲವೆಂದು ಅವರು ಮುಂದೆ ಹೇಳಿದರು. ಪಕ್ಕದಲ್ಲಿ ಕುಳಿತವರ ಅರಿವಿಗೂ ಬಾರದಷ್ಟು ಚಿಕ್ಕ ಚಲನೆ ಅದು.

ಸುದ್ದಿ ಬಂದೊಡನೆ ಎಲ್ಲರ ಸಂಶಯವೂ ಎಂಜಿನಿನ ಮೇಲೆ ಹೋಯಿತು. ಅಂದು ಹೊಸ ಬಗೆಯ ಉರುವಲನ್ನು ಮೊದಲ ಬಾರಿಗೆ ಹಾರಾಟದಲ್ಲಿ ಬಳಸಿದ್ದರು. ೨೦೦೭ರ ಸ್ಫೋಟವನ್ನೂ ಜನ ಮರೆತಿರಲಿಲ್ಲ. ಆದರೆ ಮರುಭೂಮಿಯಲ್ಲಿ ಚೆಲ್ಲಿದ ಅವಶೇಷಗಳಲ್ಲಿ ಎಂಜಿನೂ ಅನಿಲದ ತೊಟ್ಟಿಗಳೂ ಸಿಡಿಯದೆ ಉಳಿದಿದ್ದುವು. ಚಾಲಕರ ಕೋಣೆಯ ಚಿತ್ರಗ್ರಾಹಕ ಅಗಣಿಯ ಹಿಡಿ ಸರಿದುದನ್ನು ತೋರಿಸಿತು.

ಇಲ್ಲಿಗೆ ವಿಚಾರಣೆ ಮುಗಿಯಿತೆಂದು ಅವಸರದವರು ಹೇಳಿಯಾರು. ಸಹಚಾಲಕ ತಪ್ಪು ಮಾಡಿದ, ನೌಕೆ ಒಡೆಯಿತು, ಯಂತ್ರದಲ್ಲೇನೂ ದೋಷವಿಲ್ಲ. ಹೀಗೆಂದು ಕಡತ ಮುಚ್ಚಬಹುದಾಗಿತ್ತು. ಸತ್ತವರು ಉತ್ತರ ಕೊಡಲು ಬರುವುದಿಲ್ಲವಷ್ಟೆ. ಆದರೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಅಲ್ಲಿಗೆ ನಿಲ್ಲಲಿಲ್ಲ. ಒಂಬತ್ತು ತಿಂಗಳು ವಿಚಾರಿಸಿ ೨೦೧೫ರ ಜುಲೈ ೨೮ರಂದು ತನ್ನ ತೀರ್ಮಾನವನ್ನು ಕೊಟ್ಟಿತು. ಅದರ ತಾತ್ಪರ್ಯ ಇಷ್ಟು: ಒಬ್ಬ ಮನುಷ್ಯನ ಒಂದೇ ತಪ್ಪಿನಿಂದ ಇಡೀ ನೌಕೆ ನಾಶವಾಗಬಹುದೆಂಬುದನ್ನು ಕಟ್ಟಿದವರು ಆಲೋಚಿಸಲಿಲ್ಲ, ಅದಕ್ಕೆ ತಡೆಯನ್ನೂ ಇಡಲಿಲ್ಲ, ದುರಂತದ ಮೂಲ ಇದೇ. ಸಹಚಾಲಕರ ಕೈ ಮುಂದಾಗಿ ಎಳೆದುದಕ್ಕೆ ಕಾಲದ ಒತ್ತಡವೂ, ಅವರು ಈಚೆಗೆ ಅನುಭವಿಸಿರದ ನಡುಕ ಮತ್ತು ಭಾರವೂ ಕಾರಣ.

ವಿವರಗಳನ್ನು ನೋಡಿದರೆ ಈ ಮಾತಿನ ನ್ಯಾಯ ಇನ್ನೂ ಸ್ಪಷ್ಟವಾಗುತ್ತದೆ. ಆ ಕೆಲವು ಸೆಕೆಂಡುಗಳ ಕೆಲಸಗಳನ್ನೆಲ್ಲ ಚಾಲಕರು ಕಂಠಪಾಠ ಮಾಡಿಕೊಂಡು ನೆನಪಿನಿಂದಲೇ ನಡೆಸಬೇಕಿತ್ತು. ಅವರು ಅಭ್ಯಾಸ ಮಾಡುತ್ತಿದ್ದುದು ನೆಲದ ಮೇಲಿನ ಕೃತಕ ಕೋಣೆಯಲ್ಲಿ. ನಿಜವಾದ ಹಾರಾಟದ ನಡುಕವಾಗಲಿ, ಎದೆಯನ್ನೊತ್ತುವ ಭಾರವಾಗಲಿ ಅಲ್ಲಿರಲಿಲ್ಲ. ಆಲ್ಸ್‌ಬರಿ ಎಂಜಿನಿನ ಹಾರಾಟವನ್ನು ಅದಕ್ಕೆ ಮೊದಲು ಕಂಡಿದ್ದುದು ಒಂದೇ ಬಾರಿ, ಅದೂ ಒಂದೂವರೆ ವರ್ಷದ ಹಿಂದೆ. ಅಗಣಿಯನ್ನು ತಡವಾಗಿ ತೆಗೆದರೆ ಹಾರಾಟ ಕೆಡುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಬೇಗ ತೆಗೆದರೆ ಪ್ರಾಣವೇ ಹೋಗುತ್ತದೆಂಬುದನ್ನು ಚಾಲಕರ ಮನಸ್ಸಿಗೆ ನಾಟುವಂತೆ ಹೇಳಿರಲಿಲ್ಲ. ಪರೀಕ್ಷೆಗೆ ಅನುಮತಿ ಕೊಡುವ ಫೆಡರಲ್ ವಿಮಾನಯಾನ ಆಡಳಿತವೂ, ಮನುಷ್ಯನ ತಪ್ಪಿನಿಂದಾಗುವ ಅಪಾಯಗಳ ವಿಶ್ಲೇಷಣೆಯ ವಿಷಯದಲ್ಲಿ ೨೦೧೩ರಲ್ಲಿ ಸಂಸ್ಥೆಗೆ ವಿನಾಯಿತಿ ಕೊಟ್ಟಿತ್ತು. ನೌಕೆಯನ್ನು ಎಲ್ಲ ಕಡೆಯಿಂದ ನೋಡಿದ್ದರು. ಎಂಜಿನನ್ನು ನೋಡಿದ್ದರು, ರೆಕ್ಕೆಯನ್ನು ನೋಡಿದ್ದರು, ಕೀಲನ್ನು ನೋಡಿದ್ದರು. ನೋಡದೆ ಬಿಟ್ಟುದು ಮನುಷ್ಯನ ಕೈಯನ್ನು. ನುರಿತ ಕೈ ತಪ್ಪುವುದಿಲ್ಲವೆಂಬ ನಂಬಿಕೆಯೇ ಅಲ್ಲಿ ತಡೆಗೋಡೆಯಾಗಿತ್ತು.

ನಡೆಯುವ ಕಾಲು ಎಡವುವುದೆಂಬುದು ನಮ್ಮ ಹಿರಿಯರಿಗೆ ಗೊತ್ತಿದ್ದ ಮಾತು. ನೆಲದ ಮೇಲಿನ ಸಾರಿಗೆಯವರು ಇದನ್ನು ಬಹು ಹಿಂದೆಯೇ ಕಲಿತರು. ಕೈಮರಕ್ಕೂ ಗೇಟಿಗೂ ಬೆಸುಗೆಯಿರುವ ರೈಲ್ವೆ ಗೇಟನ್ನು ತೆಗೆದುಕೊಳ್ಳಿ. ಅಲ್ಲಿ ಗೇಟು ಮುಚ್ಚಿ ಬೀಗ ಬಿದ್ದ ಹೊರತು ರೈಲಿಗೆ ದಾರಿ ಕೊಡುವ ಸಂಕೇತ ಬೀಳದು. ಗೇಟು ಕಾಯುವವನು ಸೋಮಾರಿಯೆಂದಾಗಲಿ ದಡ್ಡನೆಂದಾಗಲಿ ಈ ಏರ್ಪಾಡು ಮಾಡಿದ್ದಲ್ಲ. ಮೂವತ್ತು ವರ್ಷ ತಪ್ಪದೆ ಕೆಲಸ ಮಾಡಿದವನೂ ಒಂದು ರಾತ್ರಿ ತೂಕಡಿಸಬಹುದು. ಆ ಒಂದು ತೂಕಡಿಕೆಗೆ ರೈಲಿನ ಜನ ಬಲಿಯಾಗಬಾರದೆಂದು ಮಾಡಿದ್ದು. ಎಂಟರ್‌ಪ್ರೈಸ್ ನೌಕೆಯ ಅಗಣಿಗೆ ಇಂತಹದೊಂದು ಬೆಸುಗೆಯಿದ್ದಿದ್ದರೆ, ೧.೪ ಆಗುವವರೆಗೆ ಹಿಡಿ ಕದಲುತ್ತಲೇ ಇರಲಿಲ್ಲ. ಸಹಚಾಲಕರು ಅದನ್ನು ಎಳೆದು ನೋಡಿ, ಬಾರದಿದ್ದುದನ್ನು ಕಂಡು, ಮತ್ತೆ ಕೆಲವು ಸೆಕೆಂಡು ತಾಳುತ್ತಿದ್ದರು. ಅಂದು ಸಂಜೆ ಅದೊಂದು ನಗೆಮಾತಾಗಿ ಮುಗಿಯುತ್ತಿತ್ತು.

ಮುಂದಿನ ನೌಕೆಯಲ್ಲಿ ಅದನ್ನೇ ಮಾಡಿದರು. ‘ಯೂನಿಟಿ’ ಎಂಬ ಎರಡನೆಯ ನೌಕೆಗೆ, ಅಪಾಯದ ವೇಳೆಯಲ್ಲಿ ಅಗಣಿ ಕದಲದಂತೆ ತಡೆಯುವ ಯಂತ್ರವನ್ನು ಜೋಡಿಸಿದರು. ಅದು ೨೦೧೮ರ ಡಿಸೆಂಬರ್ ೧೩ರಂದು ೮೨ ಕಿಲೋಮೀಟರಿಗೂ ಮೇಲಕ್ಕೆ ಏರಿ ಸುರಕ್ಷಿತವಾಗಿ ಇಳಿಯಿತು. ಹಣ ಕೊಟ್ಟವರ ಮೊದಲ ಯಾನ ನಡೆದುದು ೨೦೨೩ರ ಜೂನ್ ೨೯ರಂದು. ಮೂರು ವರ್ಷಗಳೆಂದು ಸಾರಿದ ಕೆಲಸಕ್ಕೆ ಹತ್ತೊಂಬತ್ತು ವರ್ಷಗಳು ಹಿಡಿದುವು; ನಾಲ್ಕು ಜೀವಗಳು ಹೋದುವು. ಯೂನಿಟಿ ೨೦೨೪ರ ಜೂನಿನಲ್ಲಿ ಕೊನೆಯ ಬಾರಿ ಹಾರಿ ನಿವೃತ್ತವಾಯಿತು.

ಮನುಷ್ಯರನ್ನು ಕೂರಿಸದೆಯೇ ಪರೀಕ್ಷಿಸಬಾರದೆ? ಸಾಧ್ಯವಾದ ಕಡೆ ಹಾಗೆ ಮಾಡುವುದೇ ಸರಿ. ಸ್ಪೇಸ್‌ಎಕ್ಸ್ ಸಂಸ್ಥೆಯ ‘ಡ್ರ್ಯಾಗನ್’ ನೌಕೆ ೨೦೧೯ರ ಮಾರ್ಚಿನಲ್ಲಿ ಜನರಿಲ್ಲದೆ ಅಂತರಿಕ್ಷ ನಿಲ್ದಾಣಕ್ಕೆ ಹೋಗಿ ಬಂದಿತು. ಎಲ್ಲ ಸರಿಯಿದೆಯೆಂದು ತೋರಿತು. ಏಪ್ರಿಲ್ ೨೦ರಂದು ಅದೇ ನೌಕೆಯ, ಆಪತ್ತಿನಲ್ಲಿ ಪಾರುಮಾಡುವ ಎಂಜಿನುಗಳನ್ನು ನೆಲದ ಮೇಲೆ ಹೊತ್ತಿಸಹೋದಾಗ ನೌಕೆ ಸಿಡಿದು ನುಚ್ಚಾಯಿತು. ಒಂದು ಕವಾಟದ ಮೂಲಕ ಸೋರಿದ ದ್ರವ ಇದಕ್ಕೆ ಕಾರಣ. ಯಾರಿಗೂ ಗಾಯವಾಗಲಿಲ್ಲ. ದೋಷವನ್ನು ತಿದ್ದಿ, ಮತ್ತೆ ಪರೀಕ್ಷಿಸಿ, ೨೦೨೦ರ ಮೇ ೩೦ರಂದು ಇಬ್ಬರನ್ನು ಕಳುಹಿಸಿದರು. ಪಾರುಮಾಡಬೇಕಾದ ಯಂತ್ರವೇ ಕೊಲ್ಲುವ ಯಂತ್ರವಾಗಿತ್ತೆಂಬುದು ಬರಿದಾದ ನೌಕೆಯಲ್ಲಿ ತಿಳಿಯಿತು. ಇದಕ್ಕಿಂತ ಅಗ್ಗವಾಗಿ ಇಂತಹ ವಿದ್ಯೆ ದೊರೆಯುವುದಿಲ್ಲ.

ಬೋಯಿಂಗ್ ಸಂಸ್ಥೆಯ ‘ಸ್ಟಾರ್‌ಲೈನರ್’ ನೌಕೆಯ ಕಥೆ ಇನ್ನೊಂದು ಬಗೆ. ೨೦೧೯ರ ಡಿಸೆಂಬರಿನಲ್ಲಿ ಜನರಿಲ್ಲದೆ ಹಾರಿದಾಗ ಅದರ ಗಡಿಯಾರವೇ ೧೧ ಗಂಟೆ ತಪ್ಪಿದ್ದು, ನೌಕೆ ನಿಲ್ದಾಣವನ್ನು ಮುಟ್ಟಲಾರದೆ ಹಿಂತಿರುಗಿತು. ೨೦೨೪ರ ಜೂನ್ ೫ರಂದು ಬುಚ್ ವಿಲ್ಮೋರ್ ಮತ್ತು ಸುನೀತಾ ವಿಲಿಯಮ್ಸ್ ಅದರಲ್ಲಿ ಪರೀಕ್ಷಾರ್ಥವಾಗಿ ಏರಿದರು. ಸುಮಾರು ಎಂಟು ದಿನಗಳ ಯಾನವದು. ನಿಲ್ದಾಣವನ್ನು ಸಮೀಪಿಸುವಾಗ ನೌಕೆಯನ್ನು ತಿರುಗಿಸುವ ಚಿಕ್ಕ ಎಂಜಿನುಗಳಲ್ಲಿ ಐದು ಕೈಕೊಟ್ಟುವು. ಹೀಲಿಯಂ ಅನಿಲ ಸೋರುತ್ತಿತ್ತು. ಅದೇ ನೌಕೆಯಲ್ಲಿ ಅವರನ್ನು ಇಳಿಸಬೇಕೆ ಬೇಡವೆ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಕಟ್ಟಿದ ಸಂಸ್ಥೆ ಇಳಿಸಬಹುದೆಂದಿತು. ನಾಸಾ ಒಪ್ಪದೆ, ನೌಕೆಯನ್ನು ಬರಿದಾಗಿಯೇ ಇಳಿಸಿತು. ಅವರಿಬ್ಬರೂ ೨೦೨೫ರ ಮಾರ್ಚ್ ೧೮ರಂದು ಡ್ರ್ಯಾಗನ್ ನೌಕೆಯಲ್ಲಿ ಮರಳಿದರು. ಬರಿದಾದ ನೌಕೆ ಸುಖವಾಗಿ ಇಳಿಯಿತಲ್ಲ, ಅವರೂ ಬರಬಹುದಾಗಿತ್ತಲ್ಲ ಎಂದು ಆಡಿಕೊಂಡವರುಂಟು. ಹೊಳೆ ದಾಟಿದ ಮೇಲೆ ನೀರು ಮೊಣಕಾಲುದ್ದವೆಂದು ಹೇಳುವುದು ಸುಲಭ. ದಾಟುವ ಮೊದಲು ಆಳ ತಿಳಿಯದಿದ್ದಾಗ ಮಕ್ಕಳನ್ನು ದಡದಲ್ಲಿ ನಿಲ್ಲಿಸಿದ ತಂದೆಯನ್ನು ಅಂಜುಬುರುಕನೆನ್ನಬಹುದೆ?

ಪರೀಕ್ಷಾ ಹಾರಾಟದ ಬೆಲೆ ನಮ್ಮ ನಾಡಿಗೂ ಗೊತ್ತು. ಬೆಂಗಳೂರಿನಲ್ಲಿ ಸುರಂಜನ್ ದಾಸ್ ರಸ್ತೆಯೆಂಬುದೊಂದಿದೆ. ದಿನವೂ ಅಲ್ಲಿ ಓಡಾಡುವವರಲ್ಲಿ ಎಷ್ಟೋ ಮಂದಿಗೆ ಆ ಹೆಸರಿನ ಹಿಂದಿನ ವ್ಯಕ್ತಿ ಯಾರೆಂದು ತಿಳಿದಿರಲಾರದು. ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಕಟ್ಟಿದ ‘ಮರುತ್’ ಯುದ್ಧವಿಮಾನವನ್ನು ೧೯೬೧ರಲ್ಲಿ ಮೊದಲು ಹಾರಿಸಿದವರು ಅವರು. ೧೯೭೦ರ ಜನವರಿ ೧೦ರಂದು ಅದೇ ವಿಮಾನದ ಸುಧಾರಿತ ಮಾದರಿಯನ್ನು ಪರೀಕ್ಷಿಸುತ್ತ ಪ್ರಾಣಬಿಟ್ಟರು. ೨೦೦೯ರ ಮಾರ್ಚ್ ೬ರಂದು ಬಿಡದಿಯ ಬಳಿ ‘ಸರಸ್’ ವಿಮಾನದ ಎರಡನೆಯ ಮಾದರಿ ಬಿದ್ದು, ವಾಯುಪಡೆಯ ಇಬ್ಬರು ಪರೀಕ್ಷಾ ವೈಮಾನಿಕರೂ ಒಬ್ಬ ಎಂಜಿನಿಯರೂ ಸತ್ತರು. ಹಾರುತ್ತಿರುವಾಗ ಒಂದು ಎಂಜಿನನ್ನು ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಮತ್ತೆ ಹೊತ್ತಿಸಲು ಬರೆದುಕೊಟ್ಟಿದ್ದ ಕ್ರಮವೇ ಸರಿಯಿರಲಿಲ್ಲವೆಂದು ವಿಚಾರಣೆಯಲ್ಲಿ ಕಂಡುಬಂದಿತು. ಮೊಹಾವಿಗೂ ಬಿಡದಿಗೂ ಎಷ್ಟು ದೂರ! ಆದರೂ ಪಾಠ ಒಂದೇ: ಕೈ ಮಾಡಿದುದನ್ನು ನೋಡುವ ಮೊದಲು, ಕೈಗೆ ಏನನ್ನು ಕೊಟ್ಟಿದ್ದರು, ಏನನ್ನು ಹೇಳಿದ್ದರು ಎಂಬುದನ್ನು ನೋಡಬೇಕು.

ನಮ್ಮ ಗಗನಯಾನ ಯೋಜನೆಯವರು ಈ ಪಾಠವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡಂತೆ ತೋರುತ್ತದೆ. ೨೦೨೩ರ ಅಕ್ಟೋಬರ್ ೨೧ರಂದು ಶ್ರೀಹರಿಕೋಟೆಯಲ್ಲಿ, ಏರುವಾಗ ಆಪತ್ತು ಬಂದರೆ ಯಾತ್ರಿಗಳ ಕೋಣೆಯನ್ನು ರಾಕೆಟ್ಟಿನಿಂದ ಕಿತ್ತು ದೂರ ಒಯ್ಯುವ ಏರ್ಪಾಡನ್ನು ಜನರಿಲ್ಲದೆ ಪರೀಕ್ಷಿಸಿದರು. ಹಾರಲು ಐದು ಸೆಕೆಂಡುಗಳಿರುವಾಗ ಗಣಕಯಂತ್ರ ಏನೋ ಸರಿಯಿಲ್ಲವೆಂದು ತಡೆಹಿಡಿಯಿತು. ಕಾರಣ ಹುಡುಕಿ ಸರಿಪಡಿಸಿ, ಹತ್ತು ಗಂಟೆಗೆ ಹಾರಿಸಿದರು, ಪರೀಕ್ಷೆ ಫಲಿಸಿತು. ೨೦೨೫ರಲ್ಲಿ ನಮ್ಮವರೇ ಆದ ಶುಭಾಂಶು ಶುಕ್ಲಾ ಖಾಸಗಿ ಸಂಸ್ಥೆಯ ಯಾನದಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಹೋಗುವ ಮುನ್ನವೂ ಹಾಗೆಯೇ ಆಯಿತು. ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರುತ್ತಿದ್ದುದು ನೆಲದ ಪರೀಕ್ಷೆಯಲ್ಲಿ ಕಂಡಿತು. ಅದೂ ಮತ್ತಿತರ ಕಾರಣಗಳೂ ಸೇರಿ ಯಾನ ಹಲವು ಬಾರಿ ಮುಂದೂಡಲ್ಪಟ್ಟು, ಕೊನೆಗೆ ಜೂನ್ ೨೫ರಂದು ನಡೆಯಿತು. ‘ಮತ್ತೆ ಮುಂದಕ್ಕೆ ಹೋಯಿತಂತೆ’ ಎಂದು ಆಗ ಬೇಸರಪಟ್ಟವರು ನಮ್ಮಲ್ಲಿಯೂ ಇದ್ದರು. ಮುಂದೂಡಿದ ಯಾನ ಸೋತ ಯಾನವಲ್ಲ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಬಸ್ಸಿಗಾಗಲಿ ವಿಮಾನಕ್ಕಾಗಲಿ ಟಿಕೀಟು ಕೊಂಡವರು, ಆ ವಾಹನವನ್ನು ಸರ್ಕಾರ ನೋಡಿ ಒಪ್ಪಿದೆಯೆಂಬ ಭರವಸೆಯಿಂದ ಹತ್ತುತ್ತಾರೆ. ಅಮೆರಿಕದಲ್ಲಿ ಖಾಸಗಿ ಅಂತರಿಕ್ಷಯಾನಕ್ಕೆ ಆ ಭರವಸೆಯಿಲ್ಲ. ಹೊಸ ಉದ್ಯಮ ಕಲಿತು ಬೆಳೆಯಲೆಂದು, ನೌಕೆಯೊಳಗಿನ ಪ್ರಯಾಣಿಕರ ಸುರಕ್ಷತೆಗೆ ಸರ್ಕಾರ ನಿಯಮಗಳನ್ನು ಮಾಡದಂತೆ ೨೦೦೪ರ ಕಾನೂನೇ ತಡೆಯಿತು. ಆ ತಡೆಯ ಅವಧಿಯನ್ನು ಮತ್ತೆ ಮತ್ತೆ ಮುಂದುವರಿಸಿ, ೨೦೨೪ರಲ್ಲಿ ೨೦೨೮ರ ಆರಂಭದವರೆಗೆ ಎಳೆದಿದ್ದಾರೆ. ಅಪಾಯವನ್ನು ತಿಳಿಸಿದ್ದಾರೆ, ನಾನು ತಿಳಿದೇ ಹತ್ತುತ್ತಿದ್ದೇನೆ ಎಂದು ಪ್ರಯಾಣಿಕ ರುಜು ಹಾಕಬೇಕು. ಪರೀಕ್ಷಾ ವೈಮಾನಿಕನಿಗೆ ಅಪಾಯದ ಅರಿವು ವೃತ್ತಿಯಿಂದ ಬಂದುದು. ಹಣ ಕೊಟ್ಟು ಕಿಟಕಿಯ ಬಳಿ ಕೂರುವವನಿಗೆ ಒಂದು ಹಾಳೆ ಓದಿದ ಮಾತ್ರಕ್ಕೆ ಅದು ಬಂದೀತೆ? ಪರೀಕ್ಷೆ ಎಲ್ಲಿ ಮುಗಿಯಿತು, ವ್ಯಾಪಾರ ಎಲ್ಲಿ ಮೊದಲಾಯಿತು ಎಂಬ ಗೆರೆ ಸ್ಪಷ್ಟವಾಗಿರಬೇಕು. ಅದು ಅಳಿಸಿಹೋದರೆ ಪ್ರಯಾಣಿಕನೇ ತನಗರಿವಿಲ್ಲದೆ ಪರೀಕ್ಷಾ ವೈಮಾನಿಕನಾಗುತ್ತಾನೆ.

ಇನ್ನು ಮುಂದೆ ರಾತ್ರಿಯ ವಾರ್ತೆಯಲ್ಲಿ ರಾಕೆಟ್ಟೊಂದು ಸಿಡಿಯಿತೆಂದೋ, ಪರೀಕ್ಷೆ ವಿಫಲವಾಯಿತೆಂದೋ ಕೇಳಿದಾಗ ನಗಬೇಡಿ, ಹಳಿಯಲೂ ಬೇಡಿ. ಮೂರು ಪ್ರಶ್ನೆಗಳನ್ನು ಕೇಳಿ. ಒಳಗೆ ಮನುಷ್ಯರಿದ್ದರೆ? ಇದ್ದರೆ, ಇರಲೇಬೇಕಾಗಿತ್ತೆ? ಆಮೇಲೆ ತಿದ್ದಿದುದು ಬರಿಯ ಮನುಷ್ಯನನ್ನೋ, ಅಗಣಿಯನ್ನೂ ತಿದ್ದಿದರೋ? ಮೈಕೇಲ್ ಆಲ್ಸ್‌ಬರಿಯವರ ಕೈ ಕೆಲವು ಸೆಕೆಂಡು ಮುಂದಾಯಿತು, ನಿಜ. ಆದರೆ ಅಷ್ಟು ಚಿಕ್ಕ ತಪ್ಪನ್ನು ತಡೆದುಕೊಳ್ಳಲಾರದ ನೌಕೆಯನ್ನು ಅವರ ಕೈಗೆ ಕೊಟ್ಟವರು ಬೇರೆ. ವಿಚಾರಣೆ ಮಾಡಿದವರು ಇದನ್ನು ನೇರವಾಗಿ ಬರೆದಿಟ್ಟುದರಿಂದ ಮುಂದಿನ ನೌಕೆಯ ಅಗಣಿ ಭದ್ರವಾಯಿತು. ಅದರಲ್ಲಿ ಹೋದವರೆಲ್ಲ ಮನೆಗೆ ಮರಳಿದರು.